ಬಾಟಲಿ ಹೊರಗೆ

ಏಪ್ರಿಲ್ 21
ಸಾಲ್ಟ್ ಲೇಕ್ ಆಫೀಸಿನಲ್ಲಿ ಮತ್ತೆ ಕಮಿಟಿ. 'ಹವಾಮಾನ ಬದಲಾವಣೆ ಮತ್ತು ನಮ್ಮ ವಿಶ್ವವಿದ್ಯಾಲಯ'. ಪರೀಕ್ಷಾ ವಿಭಾಗ ನೋಡಿಕೊಳ್ಳುವ ನನಗೇ ವರದಿ ಬರೆಯುವ ಕೆಲಸವೂ. ಸೋಲಾರ್, ಮಳೆನೀರು, ಗಿಡ... ಎಂಬತ್ನಾಲ್ಕು ಪುಟ. ಎಸಿಯಲ್ಲಿ ಕುಳಿತು ಸೆಕೆಯ ಚರ್ಚೆ! ಶಾಲು ಹೊದ್ದುಕೊಂಡೆ. ಊಟಕ್ಕೆ ಮಿಷ್ಟಿ ದೋಯಿ, ಬಂಗಾಳಿಗಳ ಸಿಹಿಮೊಸರು, ಇತ್ತು, ಅದೊಂದೇ ಲಾಭ.

ಮೇ 5, ಸಂಜೆ
ನಾಳೆಯಿಂದ ಪರೀಕ್ಷೆ. ಮಧ್ಯಾಹ್ನ ಎರಡರಿಂದ ಐದು. ಬೇಸಿಗೆಯಲ್ಲಿ ಬೆಳಿಗ್ಗೆಯೇ ನಡೆಸಬೇಕೆಂದು ವರದಿಯಲ್ಲಿ ಬರೆದಿದ್ದೆ. ವಿ.ಸಿ. ಮುಂದಿನ ವರ್ಷ ನೋಡೋಣ ಅಂದರು.

ಕೆಳಗಿನ ಮನೆ ಅಮಿತಾಳ ಮಗ ವಿಖ್ಯಾತ್ ಬಂದಿದ್ದ. ನಮ್ಮಲ್ಲೇ ಮೂರನೇ ವರ್ಷ.

"ಆಂಟಿ, ಹಾಲ್‌ಗೆ ವಾಟರ್ ಬಾಟಲ್ ಅಲೋ ಮಾಡಿ ಪ್ಲೀಸ್. ಫ್ಯಾನ್ ಎಲ್ಲ ತುಂಬಾ ಸ್ಲೋ ಉಂಟು."

"ರೂಲ್ ಅಂದ್ರೆ ರೂಲ್ ಮಾರಾಯ. ಬಾಟಲಿ ಹೊರಗೆ. ಬಾಯಾರಿದ್ರೆ ಹೋಗಿ ಕುಡ್ದು ಬಾ."

"ಟೈಮ್ ವೇಸ್ಟ್ ಆಗ್ತದೆ, ಆಂಟಿ."

ಆ ರೂಲ್ ನನ್ನದೇ. ಡಿಸೆಂಬರಿನಲ್ಲಿ ಒಬ್ಬ ಬಾಟಲಿ ಲೇಬಲಿನ ಒಳಗೆ ಉತ್ತರ ಬರೆದು ತಂದಿದ್ದ. ಹಿಡಿದದ್ದು ನಾನು. ಮರುದಿನವೇ ಸುತ್ತೋಲೆ. ಕೆಳಗಿನ ಮನೆಯವನೆಂದು ಸಡಿಲ ಬಿಡಲು ಆಗುತ್ತದೆಯೇ?

ಮೇ 9, 4.40
ವಿಖ್ಯಾತ್ ಬಿದ್ದ. ಮೂರನೇ ಹಾಲ್. ಒಂದು ಗಂಟೆಯಿಂದ ಲೋಡ್‌ಶೆಡ್ಡಿಂಗ್. ಮೈ ಕಾವಲಿಯಂತೆ ಸುಡುತ್ತಿತ್ತು, ಬೆವರೇ ಇಲ್ಲ. ಕಾರಿಡಾರಿನ ಗೋಡೆಗೆ ಸಾಲಾಗಿ ಬಾಟಲಿಗಳು. ಅವನದ್ದು ನೀಲಿ. ಮುಚ್ಚಳ ತೆರೆದೇ ಇರಲಿಲ್ಲ.

ಮೇ 12
ಬೆಳಿಗ್ಗೆ ಆಸ್ಪತ್ರೆಯಲ್ಲಿ ಹೋದ. ಇಪ್ಪತ್ತು ವರ್ಷ.

ಮೇ 19
ವಿ.ಸಿ. ಕರೆದರು. "ಬಾಟಲಿಗೆ ಅನುಮತಿ ಕೊಟ್ಟ ಆದೇಶ ಬೇಕು ಮ್ಯಾಡಮ್. ತಾರೀಖು ಮೇ ಎರಡು ಹಾಕಿ."

ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಕೇಳಿದ್ದೆ. ಇಲ್ಲಿ, ಬಾವಿ ಮೊದಲೇ ಇತ್ತು, ಹುಡುಗನೇ ಕುಡಿಯಲಿಲ್ಲ ಅಂತ ಬರೆಯಬೇಕು. ನನ್ನ ಹವಾಮಾನ ವರದಿಯೂ ಬಿಡುಗಡೆಯಂತೆ, ಶುಕ್ರವಾರ.

ಮೆಟ್ಟಿಲ ಬಳಿ ಅಮಿತಾ ಕೈ ಹಿಡಿದಳು. "ಜಲಜಕ್ಕ, ಅವ ನೀರು ಕೇಳ್ಲೇ ಇಲ್ವಾ? ಯಾರ ಹತ್ರವೂ?"

ಕೇಳಿದ್ದ. ಬಿದ್ದ ದಿನ ಅಲ್ಲ, ನಾಲ್ಕು ದಿನ ಮೊದಲು. ನನ್ನ ಹತ್ತಿರ. ಇಲ್ಲವೆಂದು ತಲೆಯಾಡಿಸಿ ಮೇಲೆ ಬಂದೆ. ನನ್ನಂಥ ಹೇಡಿ ಇನ್ನೊಬ್ಬಳಿಲ್ಲ.

ಮೇ 20, ಬೆಳಿಗ್ಗೆ 7
ಆದೇಶ ಟೈಪ್ ಆಗಿದೆ. ಹೆಸರು, ಹುದ್ದೆ, ಎಲ್ಲ ಇದೆ. ತಾರೀಖಿನ ಜಾಗ ಖಾಲಿ.

ಹಾಕುವುದಿಲ್ಲ. ಡಿಸೆಂಬರಿನ ಸುತ್ತೋಲೆ ಹುಡುಕಿ ತೆಗೆದೆ. ನನ್ನದೇ ಸಹಿ, ದೊಡ್ಡದಾಗಿ. ಇದನ್ನು ಹಿಡಿದು ಕೆಳಗೆ ಹೋಗಬೇಕು. ಹೀಗೆ ಶುರು ಮಾಡುತ್ತೇನೆ — ಅಮಿತಾ, ಅವ ನೀರು ಕೇಳಿದ್ದು...