ಸಮುದ್ರದ ಪರದಾ

ಮುಂಬೈ, ೯-೧-೨೦೦೯

ಕುಷ್ಟಗಿ ಅಕ್ಕಗ,
ತಮ್ಮ ಹಂಪಣ್ಣ ಸುಖರೂಪ ಮುಂಬೈ ಮುಟ್ಟೀನಿ. ನಮ್ಮ ಸ್ಟುಡಿಯೋದ ಹಳೇ ನೆಗೆಟಿವ್ ಒಯ್ದಿದ್ದ ಮೇಡಂ, ಅವನ್ನ ಬಾಗಿಲದಷ್ಟು ದೊಡ್ಡವು ಮಾಡಿ ಪ್ರದರ್ಶನಕ್ಕ ಹಾಕ್ಯಾರ. ಬಣ್ಣದ ಪರದಾದ ಮುಂದ ನಿಂತು ತಮ್ಮ ಊರು, ಕಷ್ಟ ಮರೆಯೋ ಮಂದಿ ಅಂತ ಅದರ ವಿಷಯ. ವಿಮಾನದ ಪರದಾ, ತಾಜಮಹಲಿನ ಪರದಾ, ಕಡೀಕ ನೋಡತೀನಿ, ನಮ್ಮವ್ವ! ತೀರಿಕೊಂಡ ದಿನ, ಮಣ್ಣಿಗೆ ಒಯ್ಯೂಕಿಂತ ಮೊದಲ ಕುಂದರಿಸಿ ತೆಗೆದ ಫೋಟೊ. ಸಮುದ್ರ ನೋಡಬೇಕು ಅಂತಿದ್ದಳಲ್ಲ, ಅದಕ್ಕ ನಾನ ಹಿಂದ ಸಮುದ್ರದ ಪರದಾ ಕಟ್ಟಿದ್ದೆ. ನೆಗೆಟಿವ್ ಆರಿಸಿ ತೆಗೀಲಾರದ ಡಬ್ಬಿ ಸಮೇತ ಕೊಟ್ಟದ್ದು ನನ್ನ ತಪ್ಪು.

“ಅಜ್ಜಿ ಎಂಥಾ ಸುಖದ ಕನಸು ಕಾಣಾಕತ್ತಾಳ” ಅಂತಾರ ಮಂದಿ. ಸುಖ ಅಂತ! ಆಕಿ ಸತ್ತಾಳ ಅನ್ನಾಕ ನನಗ ಬಾಯಿ ಬರಲಿಲ್ಲ. ಆ ಫೋಟೊ ಇಳಸ್ರಿ ಅಂದರ, ಎಲ್ಲಾದಕ್ಕಿಂತ ಛಲೋದು ಇದ ಐತಿ ಅಂದ್ರು ಮೇಡಂ.

ಕಾಲಿನ ಬಾವು ಇಳದೈತಿ, ಗುಳಿಗಿ ತಗೋಳಾಕತ್ತೀನಿ. ನಾಳೆ ಗಾಡಿ ಹತ್ತತೀನಿ. ಕಾರ್ಡಿನಾಗ ಜಾಗ ಇಲ್ಲ, ಇದೊಂದು ಹೇಳತೀನಿ. ತಲಿ ವಾಲಬಾರದಂತ ನೀನು ಪರದಾದ ಹಿಂದ ಕುಂತು, ಸೀಳಿನಾಗ ಕೈ ತೂರಿಸಿ, ಅಳಕೋತ ಅವ್ವನ್ನ ಹಿಡಿದಿದ್ದಿಯಲ್ಲ, ಮನ್ಯಾಗಿನ ಫೋಟೊದಾಗ ಕಾಣಲಾರದ ನಿನ್ನ ನಾಕು ಬೆರಳು ಇಲ್ಲಿ ಆಕಿ ಕಿವಿ ಹಿಂದ ಎದ್ದು ಕಾಣತಾವ. ಒಬ್ಬರೂ ನೋಡಲಿಲ್ಲ.

ಹಂಪಣ್ಣ