ನೀನು ಬಳಿದ ಹಸಿರು

ಅಪ್ಪಾ,

ಬೈಯಲು ನೀನಿಲ್ಲ, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ. ನಿನ್ನ ಬಣ್ಣವನ್ನು ಇವತ್ತು ಕೆರೆದೆ.

ಜೀವನವಿಡೀ ಹಳೇ ಬಾಗಿಲುಗಳಿಗೆ ಪೇಂಟು ಹೊಡೆದು ಹೊಸದು ಮಾಡಿದವನು ನೀನು. ಹೊಸದನ್ನು ಹಳೆಯದಾಗಿಸುವ ನನ್ನ ಕಸುಬು ನಿನ್ನ ತಲೆಗೆ ಹತ್ತಲೇ ಇಲ್ಲ. ಒಮ್ಮೆ ಒಂದು ಕನ್ನಡಿಯ ಚೌಕಟ್ಟಿಗೆ ನೀಲಿ ಬಳಿದು, ಅಂಚಿಗೆ ಮೇಣದಬತ್ತಿ ಉಜ್ಜಿ, ಮೇಲೆ ಬಿಳಿ ಹಚ್ಚಿ, ಹಳೇ ಸಾಮಾನಿನಂತೆ ಕಾಣಲೆಂದು ಅಲ್ಲಲ್ಲಿ ತಿಕ್ಕಿ ಬಣ್ಣ ಎಬ್ಬಿಸಿದ್ದೆ. ನಾನು ಸಂತೆಯಿಂದ ಬರುವಷ್ಟರಲ್ಲಿ ನೀನು ಅದಕ್ಕೆ ಮಿರಿಮಿರಿ ಮಿಂಚುವ ಹಸಿರು ಹೊಡೆದಿದ್ದೆ.

"ಬಣ್ಣ ಎದ್ದಿತ್ತು ರಂಜನಿ. ಪೇಂಟರ್ ಮನ್ಯಾಗ ಇಂಥಾದ್ದು ಇರಬಾರದವ್ವಾ," ಅಂದೆ.

ನಾನು ಏನೇನೋ ಕೂಗಾಡಿದೆ. ನೀನು ಬ್ರಷ್ ತೊಳೆದೆ. ಕನ್ನಡಿ ಅಟ್ಟ ಸೇರಿತು.

ಇವತ್ತು ಅದನ್ನು ಇಳಿಸಿ, ಅಂಚನ್ನು ಮಾತ್ರ ಪಾಲಿಶ್ ಪೇಪರಿನಿಂದ ಉಜ್ಜಿದೆ. ಹಸಿರಿನಡಿ ಬಿಳಿ, ಅದರಡಿ ನೀಲಿ ಇಣುಕಿದವು. ನನ್ನ ಯಾವ ಕೆಲಸವೂ ಇಷ್ಟು ಚೆಂದ ಬಂದಿರಲಿಲ್ಲ. ಲಕ್ಷ್ಮೇಶ್ವರದಿಂದ ನಮ್ಮ ಬೆಟಗೇರಿ ಅಂಗಡಿಗೆ ಬಂದಿದ್ದ ಅಲ್ಮಾಸಬಿ ಉಳಿದದ್ದೆಲ್ಲ ಬಿಟ್ಟು ಅದನ್ನೇ ಎತ್ತಿಕೊಂಡರು.

"ಭಾಳ ಚಂದ ಐತ್ರಿ! ನಮ್ಮ ಸೊಸಿಗೂ ಇಂಥಾದ್ದ ಇನ್ನೊಂದು ಮಾಡಿಕೊಡ್ರಿ."

"ಆಗೂದಿಲ್ರಿ," ಎಂದೆ.

"ಯಾಕ್ರೀ?"

"ಇದಕ್ಕ ಇಬ್ರು ಬೇಕ್ರಿ."