ಈಸ್ಟರ್ ಬೆಳಿಗ್ಗೆಯ ಫೋನು

ನಿಟ್ಟುವಳ್ಳಿ, ದಾವಣಗೆರೆ
ಮಾರ್ಚ್ ೧೯೯೮

ಅಪ್ಪನಿಗೆ ಸೆಲಿನಾಳ ನಮಸ್ಕಾರ.

ಮೊನ್ನೆ ರೊಟ್ಟಿ ತಟ್ಟುತ್ತಾ "ಹಲ್ಲೆಲೂಯ" ಎಂದು ಗುನುಗಿಬಿಟ್ಟೆ. ಮದುವೆಯಾಗಿ ಬಂದ ಮೇಲೆ ಚರ್ಚಿಗೆ ಹೋಗದೆ, ಇದು ಉಪವಾಸದ ತಪಸ್ಸುಕಾಲ, ಈಸ್ಟರ್ ತನಕ ಆ ಮಾತು ಆಡಬಾರದು ಎಂಬುದೇ ಮರೆತಿತ್ತು. ಅದೇನೆಂದು ಅತ್ತೆ ಕೇಳಿದರು. ಹೀಬ್ರೂ ಮಾತು, ಹಲ್ಲೆಲೂ ಎಂದರೆ ಸ್ತುತಿಸಿರಿ, ಯಾ ಎಂದರೆ ದೇವರ ಹೆಸರು ಎಂದು ನೀವು ಕಲಿಸಿದಂತೆಯೇ ಹೇಳಿದೆ.

"ಅರ್ಥ ಚಲೋ ಐತೆ. ಆದ್ರೆ ಆ ಮಾತು ಈ ಮನ್ಯಾಗೆ ಬ್ಯಾಡ," ಎಂದರು. ಊಟಕ್ಕೆ ಕುಳಿತಿದ್ದ ಇವರು ಇನ್ನೊಂದು ರೊಟ್ಟಿ ಕೇಳಿದರು.

ಉತ್ತರ ಬರೆಯಬೇಡಿ, ಕಾಗದ ಮೊದಲು ಅತ್ತೆಯ ಕೈಗೆ ಹೋಗುತ್ತದೆ. ಈಸ್ಟರ್ ಬೆಳಿಗ್ಗೆ ಹರಿಹರದಿಂದ ಎದುರುಮನೆಗೆ ಫೋನ್ ಮಾಡಿ, ರೇವತಿಯನ್ನು ಕರೆಯಿರಿ ಎನ್ನಿ. ಇಲ್ಲಿ ನನಗಿಟ್ಟ ಹೆಸರು ಅದು. ಅತ್ತೆ ಪಕ್ಕದಲ್ಲೇ ನಿಂತಿರುತ್ತಾರೆ. ಹೇಗಿದ್ದೀಯ ಎಂದು ಕೇಳಬೇಡಿ. "ಹಲ್ಲೆಲೂಯ" ಎಂದು ಒಮ್ಮೆ ಹೇಳಿ, ಸಾಕು.

ನಾನು "ಹೂಂ" ಎಂದು ಫೋನ್ ಇಡುತ್ತೇನೆ.

ನಿಮ್ಮ
ಸೆಲಿನಾ